ಎಳೆ ನಾಯಿಯ ಮುರಿದ ಕೋರೆಹಲ್ಲು

ಸೋಮವಾರ ಬೆಳಗ್ಗೆ ಕ್ಲಿನಿಕ್ ಬಾಗಿಲು ತೆಗೆಯುವ ಹೊತ್ತಿಗೆ ಕೆಲಸದ ನಾಯಿಯನ್ನು ನೋಡಿಕೊಂಡು ನಡೆಸುವ ಹ್ಯಾಂಡ್ಲರ್ ಒಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ 8 ತಿಂಗಳ ಬೆಲ್ಜಿಯನ್ ಮಲಿನೊಯ್ಸ್ ತಳಿಯ ನಾಯಿ. ಶನಿವಾರ ಸಂಜೆ ತರಬೇತಿ ಮುಗಿಸಿ ಕೆನಲ್‌ಗೆ, ಅಂದರೆ ನಾಯಿಗೂಡಿಗೆ, ಬಿಟ್ಟಿದ್ದಾರೆ. ಊಟದ ಬಟ್ಟಲು ಬರುವುದು ಕಂಡು ಇವನು ಬಾಗಿಲಿನ ಕಬ್ಬಿಣದ ಜಾಲರಿಯನ್ನು ಕಚ್ಚಿ ಎಳೆದಿದ್ದಾನೆ.

"ಟಕ್ ಅಂತು ಸರ್. ಆದ್ರೆ ಊಟ ಪೂರ್ತಿ ಮಾಡ್ದ. ನಿನ್ನೇನೂ ಚೆನ್ನಾಗೇ ತಿಂದ. ಅದಕ್ಕೇ ಸುಮ್ನಿದ್ವಿ."

ತುಟಿ ಎತ್ತಿ ನೋಡಿದೆ. ಮೇಲಿನ ಬಲಗಡೆ ಕೋರೆಹಲ್ಲಿನ ತುದಿ ಕಾಲಿಂಚಿನಷ್ಟು ಹೋಗಿತ್ತು. ಮುರಿದ ಜಾಗದ ನಡುವೆ ಒಂದು ಕೆಂಪು ಚುಕ್ಕೆ, ರಾಗಿ ಕಾಳಿನಷ್ಟು. ಮುಟ್ಟಲು ಹೋಗಲಿಲ್ಲ. ಆ ಕೆಂಪು ಹಲ್ಲಿನ ಒಳಗಿನ ತಿರುಳು. ರಕ್ತನಾಳ, ನರ ಎರಡೂ ಅಲ್ಲೇ ಇರುತ್ತವೆ.

'ಊಟ ಮಾಡ್ತಾನೆ' ಅನ್ನುವ ಮಾತು ನಾನು ವಾರಕ್ಕೆರಡು ಸಲವಾದರೂ ಕೇಳುತ್ತೇನೆ. ಹಲ್ಲು ನೋವಿಗೆ ನಾಯಿ ಊಟ ಬಿಡುವುದು ಅಪರೂಪ. ಇನ್ನೊಂದು ಬದಿಯಲ್ಲಿ ಅಗಿಯುತ್ತದೆ, ಇಲ್ಲವೇ ಅಗಿಯದೆ ನುಂಗುತ್ತದೆ. ಕೆಲಸದ ನಾಯಿಯಲ್ಲಿ ನೋವು ಮೊದಲು ಕಾಣುವುದು ಮೈದಾನದಲ್ಲಿ. ಕಚ್ಚುವುದನ್ನು ಕಲಿಸಲು ತರಬೇತುದಾರರು ತೋಳಿಗೆ ಹಾಕುವ ದಪ್ಪ ಸ್ಲೀವ್ ಕಚ್ಚಿ ತಕ್ಷಣ ಬಿಟ್ಟುಬಿಡುತ್ತದೆ. ಚೆಂಡು ತಂದು ಅರ್ಧ ದಾರಿಯಲ್ಲಿ ಹಾಕುತ್ತದೆ. 'ಧೈರ್ಯ ಕಮ್ಮಿ ಇದಕ್ಕೆ' ಅಂತ ಅದನ್ನು ಕೆಲಸದಿಂದ ತೆಗೆಯುವ ಮುಂಚೆ ಒಮ್ಮೆ ಬಾಯಿ ತೆಗೆಸಿ ನೋಡಿ ಅನ್ನುವುದು ನನ್ನ ಬೇಡಿಕೆ.

ದೊಡ್ಡ ನಾಯಿಯ ಹಲ್ಲು ಮುರಿಯುವುದಕ್ಕೂ ಎಳೆಯದರ ಹಲ್ಲು ಮುರಿಯುವುದಕ್ಕೂ ಭಾರಿ ವ್ಯತ್ಯಾಸವಿದೆ. ಎಳನೀರು ಮಾರುವವರು 'ಬರೀ ನೀರಾ, ಗಂಜಿ ಇರೋದಾ?' ಅಂತ ಕೇಳುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಎಳೆಯ ಕಾಯಿಯಲ್ಲಿ ಪೂರ್ತಿ ನೀರು. ಬಲಿತಂತೆ ಚಿಪ್ಪಿನಿಂದ ಒಳಕ್ಕೆ ಕಾಯಿ ಕಟ್ಟುತ್ತಾ ಹೋಗುತ್ತದೆ. ನಾಯಿಯ ಹಲ್ಲೂ ಹಾಗೇ. ಕೋರೆಹಲ್ಲು ಹುಟ್ಟುವುದು 5-6 ತಿಂಗಳಿಗೆ. ಹೊರಗಿನಿಂದ ನೋಡಿದರೆ ಆಗಲೇ ಪೂರ್ತಿ ಹಲ್ಲು. ಒಳಗೆ ಮಾತ್ರ ಬಹುಪಾಲು ತಿರುಳೇ, ಗೋಡೆ ತೀರಾ ತೆಳು. ಬೇರಿನ ತುದಿಯೂ ಮುಚ್ಚಿರುವುದಿಲ್ಲ, ಅದಕ್ಕೆ ಒಂದು ವರ್ಷ ಹತ್ತಿರವಾಗಬೇಕು. ಗೋಡೆ ಕಟ್ಟುವ ಕೆಲಸ ತಿರುಳಿನದು. ತಿರುಳು ಸತ್ತರೆ ಕೆಲಸ ಅಲ್ಲಿಗೇ ನಿಂತಿತು. ನಾಯಿಗೆ 5 ವರ್ಷವಾದರೂ ಆ ಹಲ್ಲಿಗೆ 8 ತಿಂಗಳೇ.

ಅದಕ್ಕೇ ನಾವು ಗಡಿಯಾರ ನೋಡುವುದು. ಮುರಿದು 48 ಗಂಟೆಯೊಳಗೆ ಬಂದರೆ ತಿರುಳನ್ನು ಉಳಿಸಿಕೊಳ್ಳುವ ಅವಕಾಶ ಚೆನ್ನಾಗಿರುತ್ತದೆ. ಅರಿವಳಿಕೆ ಕೊಟ್ಟು, ಎಕ್ಸ್‌ರೇ ತೆಗೆದು, ಮೇಲಿನ ಕೆಲವು ಮಿಲಿಮೀಟರ್ ತಿರುಳನ್ನು ಕತ್ತರಿಸಿ, ಉಳಿದದ್ದರ ಮೇಲೆ ಎಂಟಿಎ ಅನ್ನುವ ಸಿಮೆಂಟ್ ಹಾಕಿ, ಅದರ ಮೇಲೆ ಫಿಲ್ಲಿಂಗ್ ಮಾಡುತ್ತೇವೆ. ದಿನ ಹೋದಂತೆ ಸೋಂಕು ಕೆಳಗಿಳಿಯುತ್ತದೆ, ಕೆಂಪು ಚುಕ್ಕೆ ಕಪ್ಪಾಗುತ್ತದೆ. ಆಮೇಲೆ ರೂಟ್ ಕೆನಾಲ್ ಮಾಡೋಣವೆಂದರೆ ಬೇರಿನ ತುದಿ ತೆರೆದೇ ಇದೆ. ತಳವಿಲ್ಲದ ಕೊಳವೆಯನ್ನು ತುಂಬುವುದು ಹೇಗೆ? ದಾರಿಗಳಿವೆ, ಆದರೆ ಉದ್ದದವು, ಮತ್ತೆ ಮತ್ತೆ ಅರಿವಳಿಕೆ ಬೇಡುವಂಥವು. ಹಾಗಾಗಿ ಕೀಳುವ ಮಾತು ಬರುತ್ತದೆ.

'ಕಿತ್ತು ಹಾಕಿ ಸರ್, ಮುಗೀತು' ಅನ್ನುವವರು ಆ ಬೇರನ್ನು ನೋಡಿಲ್ಲ. ಕೋರೆಹಲ್ಲು ನಮಗೆ ಕಾಣುವುದಕ್ಕಿಂತ ಒಸಡಿನೊಳಗೆ ಇರುವುದೇ ಜಾಸ್ತಿ. ಹಿಂದಕ್ಕೆ ಬಾಗಿರುತ್ತದೆ. ಅದರ ದಪ್ಪ ಭಾಗ ಮೂಳೆಯೊಳಗೆ ಕೂತಿದೆ, ಹೊರಬರುವ ಬಾಯಿ ಅದಕ್ಕಿಂತ ಕಿರಿದು. ಎಳೆದರೆ ಬರುವುದಿಲ್ಲ. ಒಸಡನ್ನು ಬಿಡಿಸಿ, ಹೊರಗಡೆಯ ಮೂಳೆಯನ್ನು ಸ್ವಲ್ಪ ಕೊರೆದು, ಹಲ್ಲನ್ನು ನಿಧಾನಕ್ಕೆ ಸಡಿಲಿಸಿ ತೆಗೆದು ಹೊಲಿಗೆ ಹಾಕಬೇಕು. ಮೇಲಿನ ಕೋರೆಹಲ್ಲಿಗೂ ಮೂಗಿಗೂ ನಡುವೆ ಇರುವುದು ತೆಳು ಮೂಳೆ. ಕೈ ತಪ್ಪಿದರೆ ಅಲ್ಲಿ ತೂತು, ಕುಡಿದ ನೀರು ಮೂಗಿನಲ್ಲಿ. ಕೆಳಗಿನದು ಇನ್ನೂ ಕಷ್ಟ. ದವಡೆಯ ಮುಂಭಾಗದಲ್ಲಿ ಆ ಬೇರೇ ಬಹಳಷ್ಟು ಜಾಗ ಹಿಡಿದಿರುತ್ತದೆ, ಅವಸರ ಮಾಡಿದರೆ ದವಡೆಯೇ ಮುರಿಯಬಹುದು.

ಹಾಗಂತ ಕೀಳುವುದನ್ನು ಸೋಲು ಅಂತ ನಾನು ನೋಡುವುದಿಲ್ಲ. ಬಿರುಕು ಒಸಡಿನ ಕೆಳಗೆ ಆಳಕ್ಕೆ ಇಳಿದಿದ್ದರೆ, ಬೇರೇ ಸೀಳಿದ್ದರೆ ಕೀಳುವುದೇ ಸರಿ. ಮೂಸಿ ಪತ್ತೆ ಮಾಡುವ ನಾಯಿಗೆ ಒಂದು ಕೋರೆಹಲ್ಲು ಇಲ್ಲದಿದ್ದರೆ ಕೆಲಸಕ್ಕೆ ಅಂಥ ತೊಂದರೆಯಿಲ್ಲ. ಕಚ್ಚಿ ಹಿಡಿಯುವ ನಾಯಿಯಾದರೆ ಹಲ್ಲು ಉಳಿಸಲು ಸ್ವಲ್ಪ ಹಟ ಮಾಡುತ್ತೇನೆ. ಬೇರು ಬಲಿತ ಮೇಲೆ ಲೋಹದ ಕ್ಯಾಪ್ ಹಾಕಿಸುವ ಮಾತೂ ಆಗಲೇ. ಏನೂ ಮಾಡದೆ ಕಪ್ಪು ಚುಕ್ಕೆಯ ಹಲ್ಲನ್ನು ಹಾಗೇ ಬಿಡುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ.

ಇನ್ನು ಹಾಲುಹಲ್ಲು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಬಾಗಲಕೋಟೆ ಕಡೆ ಇದ್ದೆ. ಕುರಿ ಕಾಯುವ ಹಿರಿಯರೊಬ್ಬರು 3 ತಿಂಗಳ ಮುಧೋಳ ಮರಿ ತಂದಿದ್ದರು. ಕೆಳಗಿನ ಹಾಲುಕೋರೆ ಮುರಿದು ವಾರವಾಗಿತ್ತು, ಒಸಡು ಊದಿತ್ತು. "ಹಾಲಹಲ್ಲು ಐತಲ್ರೀ ಡಾಕ್ಟ್ರೇ, ತಾನ ಬೀಳ್ತೈತಿ" ಅಂದರು. ತಾನಾಗಿ ಬೀಳುವುದೇನೋ ನಿಜ. 28 ಹಾಲುಹಲ್ಲು ಹೋಗಿ 42 ಹಲ್ಲು ಬರುತ್ತವೆ. ಆದರೆ ಬೀಳುವತನಕ ಆ ಕೀವು, ಪಕ್ಕದಲ್ಲೇ ಮೂಳೆಯೊಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೆ ತಾಗುತ್ತದೆ. ಅದಕ್ಕೇ ತಿರುಳು ಕಾಣುವಂತೆ ಮುರಿದ ಹಾಲುಹಲ್ಲನ್ನು ತೆಗೆಯಲೇಬೇಕು.

ತೆಗೆಯಲು ಹೋದೆ. ಹಾಲುಕೋರೆಯ ಬೇರು ಹಲ್ಲಿಗಿಂತ ಎಷ್ಟೋ ಉದ್ದ, ದಬ್ಬಳದಂತೆ ಸಣ್ಣ. ನನಗೆ ಅವಸರ, ಹೊರಗೆ ಎಮ್ಮೆಗಳು ಕಾಯುತ್ತಿದ್ದವು. ಕಟ್ ಅಂತ ಬೇರು ಒಳಗೇ ಉಳಿಯಿತು. ಅದನ್ನು ಹುಡುಕುತ್ತಾ ಬೇಕಾದ್ದಕ್ಕಿಂತ ಆಳಕ್ಕೆ ಕೈ ಹಾಕಿದೆ. ಮೂರು ತಿಂಗಳ ಮೇಲೆ ಮರಿಯನ್ನು ಮತ್ತೆ ನೋಡಿದೆ. ಹೊಸ ಕೋರೆಹಲ್ಲಿನ ಒಂದು ಮಗ್ಗುಲಲ್ಲಿ ಎನಾಮಲ್ ಇರಲಿಲ್ಲ. ಹಳದಿ ಮಚ್ಚೆ, ಉಗುರಾಡಿಸಿದರೆ ಒರಟು. ಕೀವಿನ ತಪ್ಪೋ, ನನ್ನ ಕೈಯ ತಪ್ಪೋ, ಅಂದಿನಿಂದ ಹಾಲುಹಲ್ಲು ಕೀಳುವಾಗ ಹೊರಗೆ ಯಾವ ಎಮ್ಮೆ ಕಾಯುತ್ತಿದ್ದರೂ ನಾನು ಕುರ್ಚಿ ಎಳೆದು ಕೂತೇ ಕೀಳುತ್ತೇನೆ.

ಹೊಸ ಕೋರೆ ಮೂಡಿದ ಮೇಲೂ ಹಾಲುಕೋರೆ ಗಟ್ಟಿಯಾಗಿ ಕೂತಿದ್ದರೆ ತೋರಿಸಿ. ಒಂದೇ ಜಾಗಕ್ಕೆ ಎರಡು ಹಲ್ಲು ಇರಬಾರದು. ಕೆಳಗಡೆ ಹೊಸದು ಹಳೆಯದರ ಒಳಮಗ್ಗುಲಲ್ಲಿ ಹುಟ್ಟುತ್ತದೆ. ಜಾಗ ಬಿಡದಿದ್ದರೆ ನೇರ ಬಾಯಿಯ ಮೇಲಿನ ಅಂಗುಳಕ್ಕೆ ಚುಚ್ಚುತ್ತದೆ.

ತರಬೇತಿಯವರಿಗೆ ನಾನು ಹೇಳುವುದು, 4ರಿಂದ 7 ತಿಂಗಳವರೆಗೆ ಗೋಣಿ ಎಳೆದಾಟ ಬೇಡ. ಅಲ್ಲಾಡುವ ಹಲ್ಲಿನಲ್ಲಿ ಕಚ್ಚಿ ನೋವು ತಿಂದ ಮರಿ ಆ ನೋವನ್ನು ಮರೆಯುವುದಿಲ್ಲ. ಮೂಸುವುದು, ಮಾತು ಕೇಳುವುದು ಕಲಿಸಲು ಆ ಮೂರು ತಿಂಗಳು ಧಾರಾಳ ಸಾಕು. ಅಗಿಯಲು ಏನು ಕೊಟ್ಟರೂ ಮೊದಲು ಉಗುರು ಒತ್ತಿ ನೋಡಿ. ಸ್ವಲ್ಪವೂ ತಗ್ಗದಿದ್ದರೆ ಕೊಡಬೇಡಿ. ಮಟನ್ ಅಂಗಡಿಯ ಕಾಲು ಮೂಳೆಯೂ ಇದರಲ್ಲಿ ಫೇಲು. ದವಡೆಯ ದೊಡ್ಡ ಹಲ್ಲು ಹಾಳೆಯಂತೆ ಸೀಳಿಕೊಂಡು, ಕಣ್ಣಿನ ಕೆಳಗೆ ಊದಿ ಬರುವ ನಾಯಿಗಳಲ್ಲಿ ಬಹಳಷ್ಟು ಮೂಳೆ ಕಡಿದವೇ. ಹಲ್ಲು ಮುರಿದಾಗ ಮನೆಯಲ್ಲಿರುವ ನೋವಿನ ಮಾತ್ರೆ ಹಾಕುವುದಂತೂ ಬೇಡವೇ ಬೇಡ. ಐಬುಪ್ರೊಫೆನ್ ನಾಯಿಗೆ ವಿಷ.

ನಮ್ಮ ಮಲಿನೊಯ್ಸ್‌ಗೆ ಅವತ್ತೇ ಚಿಕಿತ್ಸೆ ಆಯಿತು. ಶನಿವಾರ ಸಂಜೆಯಿಂದ ಲೆಕ್ಕ ಹಾಕಿದರೆ 40 ಗಂಟೆಯೊಳಗೆ. ಆರು ತಿಂಗಳ ಮೇಲೆ ಎಕ್ಸ್‌ರೇ ತೆಗೆದೆವು. ಬೇರಿನ ತುದಿ ಮುಚ್ಚಿತ್ತು, ಗೋಡೆ ಎಡಗಡೆ ಹಲ್ಲಿನಷ್ಟೇ ದಪ್ಪ. ಹ್ಯಾಂಡ್ಲರ್ ಮೊಬೈಲ್ ತೆಗೆದು ಪರದೆಯ ಫೋಟೊ ಹೊಡೆದುಕೊಂಡರು. ಕೆನಲ್ ಬಾಗಿಲು ಏನಾಯಿತು ಅಂತ ಕೇಳಿದೆ.

"ಜಾಲರಿಗೆ ಒಳಗಿಂದ ತಗಡು ಹೊಡೆಸಿದೀವಿ ಸರ್. ಹಲ್ಲು ಸಿಕ್ಕಲ್ಲ ಈಗ. ಬಟ್ಟಲ ಸದ್ದು ಕೇಳಿಸ್ಕೊಂಡು ಒಳಗೇ ಸುತ್ತು ಹೊಡೀತಾನೆ."