ಬಲಗೈ ಅಂತ ಹೇಳಿ ಎಡಗೈ ಎತ್ತುವುದು

ಯೋಗ ಟೀಚರ್ ಟ್ರೈನಿಂಗ್‌ಗೆ ಬಂದವರಿಗೆ ಮೊದಲ ವಾರವೇ ಒಂದು ಕೆಲಸ ಕೊಡುತ್ತೇನೆ. ನಾಲ್ಕು ಜನರನ್ನು ಎದುರಿಗೆ ನಿಲ್ಲಿಸಿ, ತ್ರಿಕೋನಾಸನ ಮಾಡಿಸಿ ಅನ್ನುತ್ತೇನೆ. ಕನ್ನಡಿಯ ಹಾಗೆ ಮಾಡಿಸಬೇಕು. ಬಾಯಲ್ಲಿ ‘ಬಲಗೈ’ ಅನ್ನಬೇಕು, ತಾನು ಎಡಗೈ ಎತ್ತಬೇಕು. ಇಷ್ಟೇ. ಹತ್ತು ವರ್ಷದಿಂದ ದಿನಾ ಆಸನ ಹಾಕುವವರೂ ಇಲ್ಲಿ ತಡವರಿಸುತ್ತಾರೆ. ಒಬ್ಬ ಸಾಫ್ಟ್‌ವೇರ್ ಹುಡುಗ ಬಂದಿದ್ದ, ಮೈ ಬಳ್ಳಿಯ ಹಾಗೆ ಬಾಗುತ್ತಿತ್ತು. ಮೂರೇ ನಿಮಿಷಕ್ಕೆ ಬೆವೆತುಹೋದ. “ಮೇಡಂ, ಮಾಡೋದಕ್ಕಿಂತ ಹೇಳೋದೇ ಕಷ್ಟ ಅಲ್ವಾ?” ಅಂದ.

ಕಷ್ಟವೇ. ಅಲ್ಲಿಯವರೆಗೆ ಅವನ ಗಮನವೆಲ್ಲ ತನ್ನ ಮೈ ಮೇಲೆ. ಈಗ ಎದುರಿನವರ ಮೊಣಕಾಲು, ಭುಜ, ಮುಖ ನೋಡಬೇಕು. ಯಾರು ಉಸಿರು ಬಿಗಿಹಿಡಿದಿದ್ದಾರೆ ಅಂತ ಗೊತ್ತಾಗಬೇಕು. ‘ಉಸಿರು ಬಿಡಿ’ ಅಂದ ಮೇಲೆ ಬಿಡುವಷ್ಟು ಹೊತ್ತು ಸುಮ್ನೆ ಇರಬೇಕು. ನನ್ನ ಮೊದಲ ಕ್ಲಾಸಿನ ರೆಕಾರ್ಡಿಂಗ್ ಕೇಳಿದಾಗ ನಾಚಿಕೆಯಾಗಿತ್ತು. ಒಂದು ನಿಮಿಷವೂ ಬಾಯಿ ಮುಚ್ಚಿರಲಿಲ್ಲ. ಮನೆಯಲ್ಲೂ ನಾನು ಹಾಗೇ ಅಂತ ಆಮೇಲೆ ಹೊಳೆಯಿತು. ವ್ಯಕ್ತಿತ್ವ ಬದಲಾಗುತ್ತದೆ ಅಂತೆಲ್ಲ ಬ್ರೋಷರ್‌ಗಳಲ್ಲಿ ಬರೆದಿರುತ್ತಾರಲ್ಲ, ನನ್ನ ಮಟ್ಟಿಗೆ ಆದದ್ದು ಇಷ್ಟು: ಮಗ ಮಾತಾಡುವಾಗ ಮಧ್ಯೆ ಬಾಯಿ ಹಾಕುವುದು ಕಡಿಮೆಯಾಯಿತು.

ಕೋರ್ಸಿನ ವಿಷಯಕ್ಕೆ ಬರೋಣ. ಟೀಚರ್ ಆಗಲು ‘200 ಗಂಟೆ’ ಕಲಿಯಬೇಕು ಅಂತ ಎಲ್ಲರೂ ಹೇಳುವ ಲೆಕ್ಕ ಅಮೆರಿಕದ ಯೋಗ ಅಲಯನ್ಸ್ ಸಂಸ್ಥೆಯಿಂದ ಹರಡಿದ್ದು. ಅದು ಯೋಗ ಶಾಲೆಗಳ, ಟೀಚರ್‌ಗಳ ಹೆಸರು ನೋಂದಾಯಿಸಿಕೊಳ್ಳುವ ಸಂಸ್ಥೆ, ಸರ್ಕಾರವಲ್ಲ. ನಮ್ಮಲ್ಲಿ ಆಯುಷ್ ಸಚಿವಾಲಯದ ಕೆಳಗೆ ಯೋಗ ಸರ್ಟಿಫಿಕೇಶನ್ ಬೋರ್ಡ್ ಇದೆ, ಹಂತ ಹಂತವಾಗಿ ಪರೀಕ್ಷೆ ಮಾಡಿಸುತ್ತದೆ. ಡಾಕ್ಟರ್‌ಗಳಿಗೆ ಇರುವಂಥ ಕಡ್ಡಾಯ ಲೈಸೆನ್ಸ್ ಯೋಗಕ್ಕಿಲ್ಲ. ರಜೆ ಸಿಗುವವರು ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಂಥ ಕಡೆ ಅಲ್ಲೇ ಉಳಿದು ಕಲಿಯುತ್ತಾರೆ. ಕೆಲಸದಲ್ಲಿರುವವರಿಗೆ ಶನಿವಾರ, ಭಾನುವಾರ ನಾಲ್ಕು ನಾಲ್ಕು ಗಂಟೆಯ ಕ್ಲಾಸು. ಹಾಗೆ ಹೋದರೆ 25 ವಾರ ಬೇಕು. ನನಗೆ ಈ ಎರಡನೆಯದೇ ಇಷ್ಟ. ವಾರದ ನಡುವೆ ಟ್ರಾಫಿಕ್ಕು, ಆಫೀಸು, ಅತ್ತೆ-ಮಾವ ಎಲ್ಲ ಇರುತ್ತದೆ. ಕಲಿತದ್ದು ಅಲ್ಲಿ ನಿಲ್ಲುತ್ತದಾ ಅಂತ ಗೊತ್ತಾಗುತ್ತದೆ.

ಬಹಳ ಜನ ಆಸನ ಕಲಿಯಲು ಬರುತ್ತಾರೆ. ಪತಂಜಲಿ ಯೋಗಸೂತ್ರದಲ್ಲಿ ಆಸನದ ಬಗ್ಗೆ ಇರುವುದು ಮೂರೇ ಸೂತ್ರ ಅಂದಾಗ ಮುಖ ಸಣ್ಣದಾಗುತ್ತದೆ. ಮೈ ಬಾಗದವರು ಟೀಚರ್ ಆಗಬಹುದಾ ಅಂತಲೂ ಕೇಳುತ್ತಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರರು ಚಿಕ್ಕಂದಿನಲ್ಲಿ ಕಾಯಿಲೆಯಿಂದ ಸೊರಗಿದ್ದವರು. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ಕೃಷ್ಣಮಾಚಾರ್ಯರ ಹತ್ತಿರ ಕಲಿತು, 1937ರಲ್ಲಿ ಪುಣೆಗೆ ಪಾಠ ಮಾಡಲು ಹೋದಾಗ ವಯಸ್ಸು 18. ಇವತ್ತು ಆಸನಕ್ಕೆ ಆಸರೆಯಾಗಿ ನಾವು ಬಳಸುವ ಇಟ್ಟಿಗೆ, ಬೆಲ್ಟು, ಕುರ್ಚಿ ಎಲ್ಲ ಬಳಕೆಗೆ ಬಂದದ್ದು ಅವರಿಂದಲೇ. ಬಾಗದ ಮೈಯ ಕಷ್ಟ ಅವರಿಗೆ ಗೊತ್ತಿತ್ತು.

ನನ್ನ ತಪ್ಪೊಂದನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಶುರುವಿನಲ್ಲಿ ಒಬ್ಬ ಆಂಟಿಗೆ ಸರ್ವಾಂಗಾಸನ, ಅಂದರೆ ಭುಜದ ಮೇಲೆ ಭಾರ ಹಾಕಿ ಕಾಲು ಮೇಲೆತ್ತುವ ಆಸನ, ಮಾಡಿಸಿದೆ. ಇಳಿದ ಮೇಲೆ ತಲೆ ಸುತ್ತಿ ಗೋಡೆ ಹಿಡಿದು ಕೂತರು. “ಬಿಪಿ ಇದ್ಯಾ?” ಅಂತ ಮೊದಲೇ ಕೇಳಿದ್ದೆ, ಇಲ್ಲ ಅಂದಿದ್ದರು. “ಮಾತ್ರೆ ಏನಾದ್ರೂ ತಗೋತೀರಾ?” ಅಂತ ಆಮೇಲೆ ಕೇಳಿದರೆ, “ಹ್ಞೂಂ, ಬೆಳಗ್ಗೆ ಬಿಪಿದು ಒಂದು. ಅದಕ್ಕೇ ಬಿಪಿ ಇಲ್ಲ ಈಗ.” ಅವರದು ತಪ್ಪಲ್ಲ, ನನ್ನ ಪ್ರಶ್ನೆಯೇ ಸರಿ ಇರಲಿಲ್ಲ. ಅಂದಿನಿಂದ ಕಾಯಿಲೆಗಿಂತ ಮೊದಲು ಮಾತ್ರೆ ಕೇಳುತ್ತೇನೆ. ಆಮೇಲೆ ಕುತ್ತಿಗೆ ನೋವು, ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ, ಆಪರೇಷನ್, ಬಸಿರು. ಮುಟ್ಟಿ ತಿದ್ದುವ ಮೊದಲು, “ಮುಟ್ಟಬಹುದಾ?” ಅಂತ.

ಸಂಪಾದನೆ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಮೊದಲ ವರ್ಷ ಇರುವ ಕೆಲಸ ಬಿಡಬೇಡಿ. ಬೆಳಗ್ಗೆ ಐದೂವರೆಯಿಂದ ಎಂಟು, ಸಂಜೆ ಆರರ ಮೇಲೆ, ಇಷ್ಟೇ ನಮ್ಮ ದುಡಿಮೆಯ ಹೊತ್ತು. ಜಯನಗರದಲ್ಲಿ ಒಂದು ಬ್ಯಾಚು, ವೈಟ್‌ಫೀಲ್ಡ್‌ನಲ್ಲಿ ಇನ್ನೊಂದು ಒಪ್ಪಿಕೊಂಡರೆ ರಸ್ತೆಯಲ್ಲೇ ಪ್ರಾಣಾಯಾಮ. ಒಂದೇ ಏರಿಯಾದಲ್ಲಿ ಎರಡು ಅಪಾರ್ಟ್‌ಮೆಂಟ್ ಹಿಡಿಯಿರಿ. ಯೋಗ ದಿನ, ಜೂನ್ 21, ಹತ್ತಿರ ಬಂದರೆ ಕಂಪನಿಗಳಿಂದ ಫೋನೋ ಫೋನು. ಜುಲೈನಲ್ಲಿ ಒಂದೂ ಇಲ್ಲ! ಆ ಒಂದು ದಿನದ ದುಡ್ಡನ್ನು ತಿಂಗಳ ಲೆಕ್ಕಕ್ಕೆ ಸೇರಿಸಬೇಡಿ.

ಆ ಸಾಫ್ಟ್‌ವೇರ್ ಹುಡುಗ ಕೆಲಸ ಬಿಟ್ಟಿಲ್ಲ. ಶನಿವಾರ ಬೆಳಗ್ಗೆ ತನ್ನ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ನಲ್ಲಿ ಆರು ಜನಕ್ಕೆ ಹೇಳಿಕೊಡುತ್ತಾನೆ. ಮೊನ್ನೆ ಫೋನ್ ಮಾಡಿದ್ದ. “ಮೇಡಂ, ಆಟೋದವರಿಗೆ ಬಲಕ್ಕೆ ತಿರುಗಿ ಅಂತ ಹೇಳಿ ಎಡಕ್ಕೆ ಕೈ ತೋರಿಸ್ದೆ. ಸರಿಯಾಗಿ ಬೈಸ್ಕೊಂಡೆ.”