‘ನೀನು ಇಂಡಿಯನ್ ಥರ ಕಾಣಲ್ಲ’ ಅಂದರೆ ಏನರ್ಥ?

ಪ್ರಶ್ನೆ: ನಾವಿಬ್ಬರು ಅಕ್ಕತಂಗಿಯರು, ಒಂದೇ ಅಪ್ಪ ಅಮ್ಮನ ಮಕ್ಕಳು. ತಂಗಿ ಬೆಳ್ಳಗೆ, ನಾನು ಎಣ್ಣೆಗಪ್ಪು. ಅವಳು ಈಗ ಅಮೆರಿಕದಲ್ಲಿದ್ದಾಳೆ. ಅಲ್ಲಿ ಅವಳಿಗೆ ‘ನೀನು ಇಂಡಿಯನ್ ಥರ ಕಾಣೋದೇ ಇಲ್ಲ’ ಅಂತಾರಂತೆ, ಅದೂ ಹೊಗಳೋ ಹಾಗೆ. ಇಲ್ಲಿ ನನಗೆ ‘ಕಪ್ಪಗಿದ್ದರೂ ಲಕ್ಷಣವಾಗಿದ್ದೀಯ’ ಅಂತಾರೆ. ಇಂಡಿಯನ್ ಥರ ಕಾಣೋದು ಅಂದರೆ ನಿಜವಾಗಿ ಏನು? ಒಂದೇ ಮನೆಯಲ್ಲಿ ಇಷ್ಟು ವ್ಯತ್ಯಾಸ ಹೇಗೆ ಬರುತ್ತೆ? ನನ್ನ ಮಗಳಿಗೆ ಈಗ ಏಳು ವರ್ಷ, ಅವಳದೂ ನನ್ನದೇ ಬಣ್ಣ. ಅತ್ತೆ ಅವಳಿಗೆ ಹಚ್ಚು ಅಂತ ಒಂದು ಕ್ರೀಮ್ ತಂದಿಟ್ಟಿದ್ದಾರೆ.

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಆ ಕ್ರೀಮ್ ಮಗುವಿಗೆ ಹಚ್ಚಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮ ತಂಗಿ ಕೇಳಿದ ಮಾತು, ನೀವು ಕೇಳಿದ ಮಾತು ಎರಡೂ ಒಂದೇ. ಅಮೆರಿಕದವರ ತಲೆಯಲ್ಲಿ ‘ಇಂಡಿಯನ್’ ಅಂದರೆ ಒಂದು ಚಿತ್ರ ಇದೆ, ಅದರಲ್ಲಿ ಮೈಬಣ್ಣ ಕಂದು. ನಿಮ್ಮ ತಂಗಿ ಅದಕ್ಕೆ ಹೊಂದಲಿಲ್ಲ, ಅದಕ್ಕೇ ಹೊಗಳಿಕೆ. ನಮ್ಮವರ ತಲೆಯಲ್ಲಿ ‘ಚೆಂದ’ ಅಂದರೆ ಇನ್ನೊಂದು ಚಿತ್ರ, ಅದರಲ್ಲಿ ಮೈಬಣ್ಣ ಬಿಳಿ. ನೀವು ಅದಕ್ಕೆ ಹೊಂದಲಿಲ್ಲ, ಅದಕ್ಕೇ ಆ ‘ಇದ್ದರೂ’. ಕಪ್ಪು ಕಡಿಮೆಯಾದಷ್ಟೂ ಒಳ್ಳೆಯದು ಅನ್ನೋ ಒಂದೇ ಅಳತೆಗೋಲು ಎರಡೂ ಕಡೆ ಕೆಲಸ ಮಾಡುತ್ತಿದೆ. ‘ಕಪ್ಪಗಿದ್ದರೂ’ ಅನ್ನೋ ಪದ ನಾನು ಎಷ್ಟು ಮದುವೆ ಮನೆಗಳಲ್ಲಿ, ಎಷ್ಟು ಪ್ರೀತಿಯ ಬಾಯಿಗಳಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರಿಗೆ ನೋಯಿಸಬೇಕು ಅಂತ ಇರುವುದಿಲ್ಲ. ಆದರೆ ಕೇಳಿಸಿಕೊಂಡ ಹುಡುಗಿ ಅದನ್ನು ಮರೆಯುವುದಿಲ್ಲ, ಅಲ್ವಾ?

ಈಗ ಒಂದೇ ಮನೆಯಲ್ಲಿ ಎರಡು ಬಣ್ಣ ಹೇಗೆ ಅನ್ನೋದು. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಎಷ್ಟು ಮೆಲನಿನ್ ತಯಾರಾಗುತ್ತದೆ, ಯಾವ ಬಗೆಯದು, ಚರ್ಮದಲ್ಲಿ ಹೇಗೆ ಹರಡಿಕೊಳ್ಳುತ್ತದೆ ಅನ್ನೋದರಲ್ಲಿ ಮಾತ್ರ ವ್ಯತ್ಯಾಸ. ಇದನ್ನು ತೀರ್ಮಾನಿಸುವುದು ಒಂದು ಜೀನ್ (ಅಪ್ಪ ಅಮ್ಮನಿಂದ ಬರುವ ವಂಶವಾಹಿ) ಅಲ್ಲ, ಹಲವಾರು. ಅವುಗಳಲ್ಲಿ ಒಂದರ ಕಥೆ ಮಾತ್ರ ಹೇಳುತ್ತೇನೆ, ಅದಕ್ಕೂ ನಮ್ಮ ದೇಶಕ್ಕೂ ನಂಟಿದೆ.

ಭಾರತ, ಬಾಂಗ್ಲಾದೇಶದ ತೊರೆಗಳಲ್ಲಿ ಜೀಬ್ರಾ ಫಿಶ್ ಅನ್ನೋ ಕಿರುಬೆರಳಿಗಿಂತ ಚಿಕ್ಕ ಮೀನಿದೆ. ಮೈಮೇಲೆ ಕಪ್ಪು ಗೆರೆ. ಅದರಲ್ಲಿ ಗೆರೆ ಮಾಸಿದ, ಹೊಂಬಣ್ಣದ ಒಂದು ಬಗೆಯೂ ಇದೆ. ಆ ಮೀನಿನ ಬಣ್ಣ ಯಾಕೆ ತೆಳುವಾಯಿತು ಅಂತ ಹುಡುಕಿದ ಅಮೆರಿಕದ ವಿಜ್ಞಾನಿಗಳಿಗೆ 2005ರಲ್ಲಿ ಒಂದು ಜೀನ್ ಸಿಕ್ಕಿತು. ಹೆಸರು ಎಸ್‌ಎಲ್‌ಸಿ24ಎ5. ಅದೇ ಜೀನ್ ಮನುಷ್ಯರಲ್ಲೂ ಇದೆ. ಅದರ ರಾಸಾಯನಿಕ ಬರಹದಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಚರ್ಮದ ಬಣ್ಣ ತಿಳಿಯಾಗುತ್ತದೆ. ಯುರೋಪಿನವರಲ್ಲಿ ಬಹುತೇಕ ಎಲ್ಲರಲ್ಲೂ ಈ ಬದಲಾದ ರೂಪವೇ ಇದೆ. ಭಾರತದಲ್ಲಿ ಎರಡೂ ಇವೆ. ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರೂ ಸೇರಿ ನಡೆಸಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ, ನಮ್ಮಲ್ಲಿರುವ ಈ ತಿಳಿಬಣ್ಣದ ರೂಪವೂ ಯುರೋಪಿನವರದೂ ಒಂದೇ ಮೂಲದಿಂದ ಬಂದದ್ದು ಅಂತ ತೋರಿಸಿತು. ಅಂದರೆ ಬಿಳಿ ತೊಗಲು ಬೇರೆ ಯಾರದೋ ಸ್ವತ್ತಲ್ಲ, ಕಪ್ಪು ತೊಗಲು ನಮಗೆ ಮಾತ್ರ ಬಂದ ಶಾಪವೂ ಅಲ್ಲ.

ಇನ್ನು ನಿಮ್ಮ ಮನೆಗೆ ಬರೋಣ. ಪ್ರತಿಯೊಬ್ಬರಿಗೂ ಈ ಜೀನ್‌ನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನಿಮ್ಮ ಅಪ್ಪ ಅಮ್ಮ ಇಬ್ಬರಲ್ಲೂ ಒಂದು ತಿಳಿ, ಒಂದು ಗಾಢ ಇದೆ ಅಂತ ಇಟ್ಟುಕೊಳ್ಳಿ. ಇಬ್ಬರೂ ಗೋಧಿ ಬಣ್ಣ. ಆದರೆ ಅವರಿಗೆ ಹುಟ್ಟುವ ಮಗುವಿಗೆ ಎರಡೂ ತಿಳಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಎರಡೂ ಗಾಢ ಬರುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಇಸ್ಪೀಟ್ ಎಲೆ ಕಲಸಿ ಹಂಚಿದ ಹಾಗೆ. ಇಂಥ ಹಲವು ಜೀನ್‌ಗಳು ಒಟ್ಟಿಗೆ ಕಲಸಿ ಬಂದಾಗ ಅಕ್ಕ ಒಂದು ಬಣ್ಣ, ತಂಗಿ ಒಂದು ಬಣ್ಣ ಆಗುವುದು ತೀರಾ ಸಹಜ. ಬಸುರಿನಲ್ಲಿ ಅಮ್ಮ ಕೇಸರಿ ಹಾಲು ಕುಡಿದಿದ್ದರೂ ಕುಡಿಯದೇ ಇದ್ದರೂ ಆ ಹಂಚಿಕೆ ಬದಲಾಗುವುದಿಲ್ಲ. ನಮ್ಮ ಕಡೆ ಮಗು ಹುಟ್ಟಿದ ದಿನವೇ ಅಜ್ಜಿಯರು ಕಿವಿಯ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ‘ಇದೇ ಬಣ್ಣಕ್ಕೆ ಬರೋದು’ ಅಂತ? ಹುಟ್ಟಿದ ಮಗುವಿನ ಬಣ್ಣ ವಾರ, ತಿಂಗಳು ಕಳೆದ ಹಾಗೆ ಗಾಢವಾಗುತ್ತೆ ಅನ್ನೋದು ಅವರಿಗೆ ಅನುಭವದಿಂದ ಗೊತ್ತು. ಅದು ನಿಜವೂ ಹೌದು. ನನಗೆ ಬೇಸರ ಆಗುವುದು, ಕಣ್ಣೇ ಬಿಡದ ಕೂಸಿನಲ್ಲಿ ನಾವು ಹುಡುಕುವ ಮೊದಲ ಸಂಗತಿ ಅದಾಗಿರುವುದಕ್ಕೆ.

ಸರಿ, ಹಾಗಾದರೆ ‘ಇಂಡಿಯನ್ ಮುಖ’ ಅನ್ನೋ ಚಿತ್ರ ಬಂದಿದ್ದು ಎಲ್ಲಿಂದ?

ಪೂರ್ತಿ ಬ್ರಿಟಿಷರ ತಲೆಗೆ ಕಟ್ಟುವುದು ಸುಲಭ, ಆದರೆ ಅದು ಸರಿಯಲ್ಲ. ಬಿಸಿಲಲ್ಲಿ ದುಡಿಯುವವರ ಮೈ ಕಪ್ಪು, ನೆರಳಲ್ಲಿ ಕೂತು ಉಣ್ಣುವವರ ಮೈ ಬಿಳಿ ಅನ್ನೋ ಲೆಕ್ಕ ಅವರಿಗಿಂತ ಹಳೆಯದು, ಅದರ ಜೊತೆ ಜಾತಿಯೂ ಸೇರಿಕೊಂಡಿದೆ. ‘ನಮ್ಮವರ ಥರ ಇಲ್ಲ ಇವಳು’ ಅಂತ ಒಂದು ಹುಡುಗಿಯ ಬಣ್ಣ ನೋಡಿ ಹೇಳುವಾಗ ಆ ‘ನಮ್ಮವರು’ ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಬ್ರಿಟಿಷರು ಮಾಡಿದ್ದು ಈ ಲೆಕ್ಕಕ್ಕೆ ವಿಜ್ಞಾನದ ಮುದ್ರೆ ಒತ್ತುವ ಕೆಲಸ. 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲೆ ಜನರ ಮೂಗಿನ ಉದ್ದ ಅಗಲ ಅಳೆಸಿದ. ಮೂಗು ಅಗಲವಾದಷ್ಟೂ ಸಮಾಜದಲ್ಲಿ ಸ್ಥಾನ ಕೆಳಗೆ ಅಂತ ವಾದಿಸಿದ. ಮುಖ, ಬಣ್ಣ, ತಲೆಯ ಆಕಾರ ನೋಡಿ ಭಾರತೀಯರನ್ನು ಏಳು ಮಾದರಿಗಳಾಗಿ ಭಾಗ ಮಾಡಿದ. ಆ ವಾದ ವಿಜ್ಞಾನದಲ್ಲಿ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ‘ಆರ್ಯರ ಮೂಗು’, ‘ದ್ರಾವಿಡ ಮುಖ’ ಅನ್ನೋ ಮಾತು ಮಾತ್ರ ಇವತ್ತಿಗೂ ಓದಿದವರ ಬಾಯಲ್ಲೇ ಬರುತ್ತದೆ.

ಆಮೇಲೆ ಮಾರುಕಟ್ಟೆ ಬಂತು. 1975ರಲ್ಲಿ ಹಿಂದೂಸ್ತಾನ್ ಲೀವರ್ ಕಂಪನಿ ಫೇರ್ ಅಂಡ್ ಲವ್ಲಿ ತಂದಿತು. ಮುಖದ ಪಕ್ಕ ಬಣ್ಣದ ಪಟ್ಟಿ ಹಿಡಿದು ‘ನೋಡಿ, ಇಷ್ಟು ತಿಳಿಯಾಯಿತು’ ಅಂತ ತೋರಿಸುವ ಜಾಹೀರಾತು ನೋಡುತ್ತಲೇ ಒಂದೆರಡು ತಲೆಮಾರು ಬೆಳೆಯಿತು. ಕಪ್ಪಗಿದ್ದಾಗ ಕೆಲಸವಿಲ್ಲ, ಗಂಡಿಲ್ಲ. ಬೆಳ್ಳಗಾದ ಕೂಡಲೇ ಎರಡೂ ಸಿಕ್ಕಿತು. 2005ರಲ್ಲಿ ಗಂಡಸರಿಗೂ ಬೇರೆ ಕ್ರೀಮ್ ಬಂತು. 2020ರಲ್ಲಿ, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ವರ್ಣೀಯ ಪೊಲೀಸರ ಕೈಯಲ್ಲಿ ಸತ್ತ ನಂತರ ಎದ್ದ ಪ್ರತಿಭಟನೆಯ ಹೊತ್ತಿಗೆ, ಫೇರ್ ಅಂಡ್ ಲವ್ಲಿಯ ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ಮದುವೆ ಸಂಬಂಧ ಹುಡುಕುವ ಜಾಲತಾಣ ಶಾದಿ ಡಾಟ್ ಕಾಮ್ ಕೂಡ ಮೈಬಣ್ಣ ನೋಡಿ ಹುಡುಕುವ ಆಯ್ಕೆಯನ್ನು ಆಗಲೇ ತೆಗೆದುಹಾಕಿತು. ಒಳ್ಳೆಯದೇ ಆಯಿತು. ಆದರೆ ಆ ಆಯ್ಕೆ ಇದ್ದಿದ್ದು ಕಂಪ್ಯೂಟರ್‌ನಲ್ಲಿ ಮಾತ್ರ ಅಲ್ಲವಲ್ಲ.

ನನ್ನ ಚಿಕ್ಕಪ್ಪನ ಮಗಳ ಜೊತೆ ಒಂದು ಸಲ ಫೋಟೋ ಸ್ಟುಡಿಯೋಗೆ ಹೋಗಿದ್ದೆ, ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ಬೇಕಿತ್ತು. ಹಸಿರು ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಕಪ್ಪು ಮೈಗೆ ಆ ಹಸಿರು ಎಷ್ಟು ಒಪ್ಪಿತ್ತು ಅಂದರೆ ನಾನು ಸುಮ್ನೆ ನೋಡುತ್ತಾ ನಿಂತುಬಿಟ್ಟಿದ್ದೆ. ಫೋಟೋ ತೆಗೆದವನು ಕಂಪ್ಯೂಟರ್ ಮುಂದೆ ಕೂತು, ಯಾರನ್ನೂ ಕೇಳದೆ, ಮೌಸ್ ಹಿಡಿದು ಎಳೆಯುತ್ತಾ ಹೋದ. ಅವಳ ಕೆನ್ನೆ ಬಿಳಿಚಿತು. ಹಣೆ ಬಿಳಿಚಿತು. ಮಲ್ಲಿಗೆಯೂ ಮುಖವೂ ಒಂದೇ ಆಗಿ, ಮೂಗುಬೊಟ್ಟು ಎಲ್ಲಿದೆ ಅಂತ ಹುಡುಕಬೇಕಾಯಿತು. ಕೈ ಮಾತ್ರ ಅವಳದೇ ಬಣ್ಣದಲ್ಲಿ ಉಳಿದಿತ್ತು. ‘ಕೈ ಕಟ್ ಮಾಡ್ತೀನಿ ಬಿಡಿ ಮೇಡಂ’ ಅಂದ. ಅವಳು ಏನೂ ಹೇಳಲಿಲ್ಲ. ಸೀರೆ ಸೆರಗಿನ ಒಳಗೆ ಕೈ ಎಳೆದುಕೊಂಡಳು, ಫೋಟೋದಲ್ಲಿ ಅಲ್ಲ, ಅಲ್ಲೇ, ನನ್ನ ಪಕ್ಕದಲ್ಲಿ.

ಇನ್ನೂ ಒಂದು ಸಂಗತಿ ಇದೆ, ಇದು ಬಣ್ಣಕ್ಕಿಂತ ದೊಡ್ಡದು. ಚಿತ್ರಕ್ಕೆ ಹೊಂದದವರನ್ನು ನಾವು ಚೆಂದ ಇಲ್ಲ ಅನ್ನುವುದಷ್ಟೇ ಅಲ್ಲ, ನಮ್ಮವರೇ ಅಲ್ಲ ಅಂದುಬಿಡುತ್ತೇವೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಸಿದ್ದಿ ಜನ ಇದ್ದಾರೆ. ಅವರ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದರು, ಅಲ್ಲಿಂದ ತಪ್ಪಿಸಿಕೊಂಡ ಎಷ್ಟೋ ಜನ ಈ ಕಾಡು ಸೇರಿದರು. ಅವರು ಇಲ್ಲಿ ಶತಮಾನಗಳಿಂದ ಇದ್ದಾರೆ. ಕೊಂಕಣಿ, ಕನ್ನಡ ಮಾತಾಡುತ್ತಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು ಅವರು. ಇಷ್ಟಾದರೂ ಹುಬ್ಬಳ್ಳಿಯಿಂದ ಹೊರಟ ಬಸ್ಸಲ್ಲಿ ನಾನೇ ನೋಡಿದ್ದೇನೆ. ಕಂಡಕ್ಟರ್ ಎಲ್ಲರ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾ ಬಂದವರು ಒಬ್ಬ ಸಿದ್ದಿ ಹುಡುಗನ ಮುಂದೆ ನಿಂತು ‘ಎಸ್, ವೇರ್ ಗೋಯಿಂಗ್?’ ಅಂದರು. ಆ ಹುಡುಗ ತಲೆ ಎತ್ತಿ, ‘ಯಲ್ಲಾಪುರ ಒಂದ ಕೊಡ್ರಿ ಅಣ್ಣಾ, ಚಿಲ್ಲರ ಐತಿ’ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದಿನಾ ಹೇಳಿ ಹೇಳಿ ರೂಢಿಯಾದ ದನಿ ಅದು.

ಈಶಾನ್ಯ ರಾಜ್ಯಗಳಿಂದ ಬೆಂಗಳೂರಿಗೆ ಬಂದವರ ಪಾಡೂ ಇದೇ. ‘ನೇಪಾಳಿ’, ‘ಚೀನಾ’ ಅನ್ನೋದು ಬೀದಿಯಲ್ಲಿ ನಿತ್ಯ ಬೀಳುವ ಮಾತು. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿ ಆಗುತ್ತೆ ಅನ್ನೋ ಬರೀ ಗಾಳಿಸುದ್ದಿಗೆ ಹೆದರಿ ಅವರು ಸಾವಿರಾರು ಜನ ಬೆಂಗಳೂರು ರೈಲು ನಿಲ್ದಾಣದಲ್ಲಿ ಗುವಾಹಟಿ ರೈಲಿಗೆ ಮುಗಿಬಿದ್ದರು. ಅಷ್ಟು ಬೇಗ ಹೆದರಿದ್ದು ಯಾಕೆ? ಹಣೆಯ ಮೇಲೆ ಬರೆದ ಹಾಗೆ ಮುಖವೇ ಗುರುತು ಹೇಳುತ್ತದೆ ಅನ್ನೋದು ಅವರಿಗೆ ಮೊದಲೇ ಗೊತ್ತಿತ್ತು.

ನಿಮ್ಮ ತಂಗಿಗೆ ಒಂದು ಉದಾಹರಣೆ ಹೇಳಿ. 2013ರ ಸೆಪ್ಟೆಂಬರ್‌ನಲ್ಲಿ ನೀನಾ ದಾವುಲೂರಿ ಮಿಸ್ ಅಮೆರಿಕ ಆದರು, ಆ ಕಿರೀಟ ತೊಟ್ಟ ಮೊದಲ ಭಾರತೀಯ ಮೂಲದವರು. ಅವತ್ತೇ ರಾತ್ರಿ ಅಮೆರಿಕದ ಕೆಲವರು ಆಕೆಯನ್ನು ಅರಬ್, ಭಯೋತ್ಪಾದಕಿ ಅಂತೆಲ್ಲ ಟ್ವಿಟರ್‌ನಲ್ಲಿ ಬೈದರು. ಅದೇ ಹೊತ್ತಿಗೆ ಭಾರತದಲ್ಲಿ ಎದ್ದ ಚರ್ಚೆ ಬೇರೆ. ಇಷ್ಟು ಕಪ್ಪಗಿರುವ ಹುಡುಗಿ ನಮ್ಮಲ್ಲಿ ಮಿಸ್ ಇಂಡಿಯಾ ಆಗಲು ಸಾಧ್ಯವಿತ್ತಾ? ಅಲ್ಲಿಯವರಿಗೆ ಆಕೆ ಅಮೆರಿಕದವಳ ಹಾಗೆ ಕಾಣಲಿಲ್ಲ, ಇಲ್ಲಿಯವರಿಗೆ ಸುಂದರಿಯ ಹಾಗೆ ಕಾಣುತ್ತಿರಲಿಲ್ಲ. ಒಂದೇ ಮುಖ.

ಈಗ ಕ್ರೀಮ್ ವಿಷಯ. ಡಬ್ಬಿ ತಿರುಗಿಸಿ ಹಿಂದೆ ಬರೆದದ್ದನ್ನು ಓದಿ. ಬೆಟಾಮೆಥಾಸೋನ್, ಕ್ಲೊಬೆಟಸಾಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಮೊದಲ ಕೆಲವು ವಾರ ಮುಖ ತಿಳಿಯಾದ ಹಾಗೆ ಕಾಣುತ್ತದೆ, ಅದನ್ನು ನೋಡಿಯೇ ಅಕ್ಕಪಕ್ಕದವರು ಹೆಸರು ಕೇಳಿ ತಾವೂ ತರುತ್ತಾರೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತವೆ, ಹೆಣ್ಣುಮಕ್ಕಳ ಕೆನ್ನೆಯ ಮೇಲೆ ಕೂದಲು ಬರುತ್ತದೆ, ನಿಲ್ಲಿಸಿದರೆ ಉರಿ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ಕೇಳಿದ ಕೂಡಲೇ ಕೊಡುವ ಅಂಗಡಿಗಳು ಇವೆ. ಡಬ್ಬಿಯ ಮೇಲೆ ಏನೂ ಬರೆದಿಲ್ಲ, ಎಲ್ಲಿ ತಯಾರಾಯಿತು ಅಂತಲೂ ಗೊತ್ತಿಲ್ಲ ಅಂದರೆ ಇನ್ನೂ ಅಪಾಯ. ಅಂಥವುಗಳಲ್ಲಿ ಪಾದರಸ ಇರುವುದುಂಟು. ಪಾದರಸ ಮೆಲನಿನ್ ತಯಾರಾಗುವುದನ್ನು ತಡೆಯುತ್ತದೆ, ಜೊತೆಗೆ ಚರ್ಮದ ಮೂಲಕ ಒಳಗಿಳಿದು ಕಿಡ್ನಿ ಕೆಡಿಸುತ್ತದೆ. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆ ಅಂತ ಬಂದ ಹಲವರನ್ನು ವಿಚಾರಿಸಿದಾಗ ಡಾಕ್ಟರಿಗೆ ಸಿಕ್ಕಿದ ಎಳೆ ಬೆಳ್ಳಗಾಗುವ ಕ್ರೀಮ್. ಏಳು ವರ್ಷದ ಮಗುವಿನ ಮುಖಕ್ಕೆ ಇದು ಬೇಡವೇ ಬೇಡ. ಈಗಾಗಲೇ ಹಚ್ಚಿದ್ದರೆ ಡಬ್ಬಿ ಸಮೇತ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಅತ್ತೆಯ ಮೇಲೆ ಜಗಳಕ್ಕೆ ಹೋಗಬೇಡಿ ಅಂತ ನನ್ನ ಮಾತು. ಆ ಕ್ರೀಮನ್ನು ಅವರು ಮೊಮ್ಮಗಳ ಮೇಲಿನ ಕಾಳಜಿಯಿಂದಲೇ ತಂದಿರುತ್ತಾರೆ, ‘ನಾಳೆ ಇವಳಿಗೆ ಕಷ್ಟ ಆಗಬಾರದು’ ಅಂತ. ಆ ಕಷ್ಟ ಏನು ಅಂತ ಬಹುಶಃ ಅವರೇ ಉಂಡು ನೋಡಿರುತ್ತಾರೆ. ಒಂದು ಸಂಜೆ ಕೂತು, ಅತ್ತೆ, ನಿಮ್ಮನ್ನು ನೋಡೋಕೆ ಬಂದಾಗ ಏನಂದಿದ್ದರು ಅಂತ ಕೇಳಿ ನೋಡಿ. ಕಿಡ್ನಿಯ ವಿಷಯ ಆಮೇಲೆ ಹೇಳಿದರೆ ಅವರ ಕಿವಿಗೆ ಬೀಳುತ್ತದೆ.

ಮಗಳಿಗೆ ‘ನೀನೂ ಬೆಳ್ಳಗೇ ಇದ್ದೀಯ’ ಅಂತ ಮಾತ್ರ ಸಮಾಧಾನ ಹೇಳಬೇಡಿ. ಮಕ್ಕಳಿಗೆ ಕಣ್ಣಿದೆ, ಅಮ್ಮ ಸುಳ್ಳು ಹೇಳಿದಳು ಅಂತ ಗೊತ್ತಾಗುತ್ತದೆ, ಇದು ಸುಳ್ಳು ಹೇಳಿ ಮುಚ್ಚುವಂಥ ವಿಷಯ ಅಂತಲೂ ಗೊತ್ತಾಗುತ್ತದೆ. ನೀನು ಕಪ್ಪು, ನಾನೂ ಕಪ್ಪು ಅಂತ ನೇರವಾಗಿ ಹೇಳಿ. ನಮ್ಮ ಊರುಗಳಲ್ಲಿ ಕರಿಯಪ್ಪ, ಕರಿಯಮ್ಮ, ಕರಿಗೌಡ ಅಂತ ಪ್ರೀತಿಯಿಂದ ಹೆಸರಿಡುತ್ತಿದ್ದರು. ಕರಿಯಮ್ಮ ಅಂದರೆ ಊರು ಕಾಯುವ ದೇವರು. ಕೃಷ್ಣ ಅನ್ನೋ ಪದದ ಅರ್ಥವೇ ಕಪ್ಪು, ದ್ರೌಪದಿಗೆ ಕೃಷ್ಣೆ ಅಂತಲೇ ಹೆಸರು. ಬಿಸಿಲು ಜಾಸ್ತಿ ಬೀಳುವ ನಾಡಿನಲ್ಲಿ ಮೆಲನಿನ್ ಮೈಗೆ ಹಿಡಿದ ಕೊಡೆ ಅಂತ ಹೇಳಿದರೆ ಏಳು ವರ್ಷದವಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಮತ್ತೆ ಮುಂದಿನ ಸಲ ತಂಗಿ ವಿಡಿಯೋ ಕಾಲ್ ಮಾಡಿದಾಗ ಮಗಳನ್ನೂ ಪಕ್ಕ ಕೂರಿಸಿಕೊಳ್ಳಿ. ಚಿಕ್ಕಮ್ಮ ಬಿಳಿ, ಅಮ್ಮ ಕಪ್ಪು, ಇಬ್ಬರಿಗೂ ಒಂದೇ ಅಜ್ಜನ ಮೂಗು. ಮೂವರ ಮುಖವೂ ಒಂದೇ ಪರದೆಯ ಮೇಲೆ ಇರುವಾಗ ಮಗಳು ತಾನಾಗಿಯೇ ಪ್ರಶ್ನೆ ಕೇಳುತ್ತಾಳೆ. ಆಗ ಇಸ್ಪೀಟ್ ಎಲೆಯ ಲೆಕ್ಕದಿಂದ ಶುರು ಮಾಡಿ.