ಮಂಗನ ಕಾಯಿಲೆ ರೋಗಿಯ ‘ನೇರ ಸಂಪರ್ಕ’ದಿಂದ ಬರುತ್ತದೆಯೇ?

ಪ್ರಶ್ನೆ: ಪಕ್ಕದ ಮನೆಯವರಿಗೆ ಮಂಗನ ಕಾಯಿಲೆ ಆಗಿದೆ. ಅವರ ನೇರ ಸಂಪರ್ಕಕ್ಕೆ ಹೋದರೆ ನಮಗೂ ಬರುತ್ತದೆಯೇ? – ಸಿದ್ದಾಪುರದ ಓದುಗರು

ಉತ್ತರ: ಬರುವುದಿಲ್ಲ. ದರಕು (ಕಾಡಿನಲ್ಲಿ ಉದುರಿದ ಒಣ ಎಲೆ) ಗುಡಿಸುವ ಕಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಪ್ರತಿ ಸಲ ಇದನ್ನೇ ಬರೆಯುತ್ತೇನೆ. ಈ ಬಾರಿಯಾದರೂ ಮನೆಯವರಿಗೆಲ್ಲ ಓದಿ ಹೇಳಿ.

ನೇರ ಸಂಪರ್ಕ ಅಂದರೆ ಒಬ್ಬರ ಮೈ ಇನ್ನೊಬ್ಬರ ಮೈಗೆ ತಾಗುವುದು. ಕಜ್ಜಿ ಹರಡುವುದು ಹೀಗೆ. ರೋಗಿ ಹೊದ್ದ ಚಾದರ ಮುಟ್ಟಿದರೆ ಅದು ಪರೋಕ್ಷ ಸಂಪರ್ಕ. ಕೊರೊನಾ ಬಂದ ಮೇಲೆ ಒಂದೇ ಕೋಣೆಯಲ್ಲಿ ಕೂತವರನ್ನೂ ‘ಕಾಂಟ್ಯಾಕ್ಟ್’ ಅನ್ನುವ ರೂಢಿ ಬಿತ್ತು. ಅದು ಉಸಿರಿನಿಂದ ಹರಡುವ ರೋಗ, ಅಲ್ಲಿ ಆ ಲೆಕ್ಕ ಸರಿ. ಮಂಗನ ಕಾಯಿಲೆಗೆ ಇದ್ಯಾವುದೂ ಹೊಂದುವುದಿಲ್ಲ.

‘ಒಂದೇ ಮನೆಯಲ್ಲಿ ಮೂವರು ಮಲಗಿದ್ದಾರೆ, ಅಂಟುರೋಗ ಅಲ್ವಾ?’ ಎಂದು ಕೇಳುತ್ತೀರಿ. ಅಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಈ ರೋಗ ಪತ್ತೆಯಾಯಿತು. ಮನುಷ್ಯನಿಂದ ಮನುಷ್ಯನಿಗೆ ಹರಡಿದ ದಾಖಲೆ ಇಂದಿಗೂ ಇಲ್ಲ. ಆ ಮೂವರೂ ಹೋಗಿದ್ದು ಒಂದೇ ಸೊಪ್ಪಿನ ಬೆಟ್ಟಕ್ಕೆ, ಗುಡಿಸಿದ್ದು ಅದೇ ದರಕು. ಕಚ್ಚಿದ್ದು ಅಲ್ಲಿದ್ದ ಉಣುಗು, ಅಂದರೆ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಹುಳ. ರೋಗ ತರುವುದು ಅದೇ. ಒಣ ತಿಂಗಳುಗಳಲ್ಲಿ ಉಣುಗಿನ ಮರಿಗಳು ಜಾಸ್ತಿ. ಅವು ಎಷ್ಟು ಸಣ್ಣ ಎಂದರೆ ಕಚ್ಚಿದ್ದೂ ಎಷ್ಟೋ ಜನರಿಗೆ ತಿಳಿಯುವುದಿಲ್ಲ. ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ಗಂಡನಿಗೆ ಸೋಮವಾರ, ಹೆಂಡತಿಗೆ ಗುರುವಾರ ಜ್ವರ ಬಂದರೆ ಗಂಡನಿಂದಲೇ ಬಂತು ಅನ್ನಿಸುತ್ತದೆ. ಇಬ್ಬರಿಗೂ ಒಂದೇ ದಿನ ಉಣುಗು ಕಚ್ಚಿರುತ್ತದೆ, ಅಷ್ಟೇ.

ಈ ತಪ್ಪು ತಿಳಿವಳಿಕೆಯನ್ನು ನಾನು ಇಷ್ಟು ಹಟ ಹಿಡಿದು ಅಲ್ಲಗಳೆಯುವುದಕ್ಕೆ ಕಾರಣ ಇದೆ. ನೆಂಟರು ಬರುವುದಿಲ್ಲ, ಆಸರೆಗೆ ಆಳು ಸಿಗುವುದಿಲ್ಲ ಎಂಬ ಹೆದರಿಕೆಗೆ ಜನ ಜ್ವರವನ್ನೇ ಮುಚ್ಚಿಡುತ್ತಾರೆ. ಈ ರೋಗ ತಗುಲಿದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಮದ್ದಿಲ್ಲ. ಬೇಗ ಆಸ್ಪತ್ರೆ ಸೇರಿ, ಮೈಯಲ್ಲಿ ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವವಾದರೆ ತಕ್ಷಣ ಗೊತ್ತಾಗುವಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ರೋಗಿಗೆ ಗಂಜಿ ಕುಡಿಸಿ, ಮೈ ಒರೆಸಿ, ಪಕ್ಕದಲ್ಲಿ ಕೂರಿ. ಕಾಡಿಗೆ ಹೋಗುವ ಮೊದಲು ಮಾತ್ರ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ಹಾಕಿ. ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ತೊಳೆಯಿರಿ.

ಮುಟ್ಟಬಾರದ್ದು ಸತ್ತ ಮಂಗನನ್ನು. ಅದು ಸತ್ತ ಮೇಲೆ ಮೈಮೇಲಿದ್ದ ಉಣುಗುಗಳು ಉದುರಿ ಸುತ್ತ ಹರಡುತ್ತವೆ. ಅದಕ್ಕೇ ಸುತ್ತಲಿನ 50 ಮೀಟರ್ ಜಾಗಕ್ಕೆ ಔಷಧಿ ಹೊಡೆಯುತ್ತಾರೆ. ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇನ್ನು ಕೊಟ್ಟಿಗೆಯ ದನದ ವಿಷಯ. ಹಾಲಿನಿಂದ ಈ ರೋಗ ಬಂದಿದ್ದಕ್ಕೆ ಪುರಾವೆ ಇಲ್ಲ. ಆದರೆ ಬೆಟ್ಟದಲ್ಲಿ ಮೇಯುವ ದನ ಉಣುಗನ್ನು ಮನೆಯಂಗಳಕ್ಕೇ ಹೊತ್ತು ತರುತ್ತದೆ. ದನದ ಮೈಗೆ ಹಚ್ಚುವ ಉಣುಗಿನ ಔಷಧಿಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ, ಬೆಟ್ಟಕ್ಕೆ ಬಿಡುವ ಮೊದಲೇ ಹಚ್ಚಿ.